ಅನ್ಯಲೋಕ ಸಂಪರ್ಕದ ಸಂಭವ: ಇತಿಹಾಸದ ದೃಷ್ಟಿಯಿಂದ ಒಂದು ವಿಚಾರ

ಭೂಮಿಯಾಚೆ ಬುದ್ಧಿಶಾಲಿ ಜೀವಿಗಳಿದ್ದರೆ ಅವರೊಡನೆ ನಮಗೆ ಸಂಪರ್ಕವುಂಟಾಗಬಲ್ಲುದೇ ಎಂಬ ಪ್ರಶ್ನೆಯು ಕೇವಲ ಖಗೋಳಜ್ಞರಿಗೆ ಸೇರಿದುದಲ್ಲ. ಮುಧೋಳದಲ್ಲಿ ಹುಟ್ಟಿ, 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ ರನ್ನನು ಜೈನನು. ಆತನ ಪರಂಪರೆಯ ಲೋಕವರ್ಣನೆಯಂತೆ ಮನುಷ್ಯರು ನಮ್ಮ ಭರತಕ್ಷೇತ್ರದಲ್ಲಿ ಮಾತ್ರವಲ್ಲದೆ ವಿದೇಹವೇ ಮೊದಲಾದ ಕ್ಷೇತ್ರಗಳಲ್ಲಿಯೂ, ಒಟ್ಟು ಎರಡೂವರೆ ದ್ವೀಪಗಳಲ್ಲಿ ವಾಸಿಸುವರು. ಮಾನುಷೋತ್ತರ ಪರ್ವತವನ್ನು ದಾಟಿ ಯಾವ ಮನುಷ್ಯನೂ ಹೋಗಲಾರನು. ಅನ್ಯ ನೆಲೆಗಳು ಉಂಟು, ಅವುಗಳಿಗೆ ಎಲ್ಲೆಯೂ ಉಂಟು ಎಂಬುದು ಇದರ ತಾತ್ಪರ್ಯ. ಇಂದಿನ ವಿಜ್ಞಾನವು ಕಾಣುವ ಎಲ್ಲೆಯಾದರೋ ದೂರ ಮತ್ತು ಕಾಲ.

1960ರಲ್ಲಿ ಅಮೆರಿಕದ ಫ್ರ್ಯಾಂಕ್ ಡ್ರೇಕ್ ಅವರು ಗ್ರೀನ್ ಬ್ಯಾಂಕಿನ ರೇಡಿಯೋ ದೂರದರ್ಶಕವನ್ನು ಎರಡು ನಕ್ಷತ್ರಗಳತ್ತ ತಿರುಗಿಸಿದರು. ಅನ್ಯಲೋಕದ ಸಂಕೇತವಾವುದೂ ದೊರೆಯಲಿಲ್ಲ. ಮರುವರ್ಷ ಅವರು, ನಮ್ಮ ಆಕಾಶಗಂಗೆಯಲ್ಲಿ ಸಂಪರ್ಕಸಾಧ್ಯವಾದ ನಾಗರಿಕತೆಗಳ ಸಂಖ್ಯೆಯನ್ನು ಏಳು ಅಂಶಗಳ ಗುಣಲಬ್ಧವಾಗಿ ನಿರೂಪಿಸಿದರು. ಇಂದು ಸೂರ್ಯಮಂಡಲದಾಚೆ ಐದು ಸಾವಿರಕ್ಕೂ ಮಿಕ್ಕ ಗ್ರಹಗಳು ಗೊತ್ತಾಗಿರುವುದರಿಂದ ಮೊದಲಿನ ಕೆಲವು ಅಂಶಗಳು ಸ್ಪಷ್ಟವಾಗುತ್ತಿವೆ. ಏಳನೆಯದು, ಸಂಕೇತ ಕಳುಹಿಸಬಲ್ಲ ನಾಗರಿಕತೆಯ ಆಯುಷ್ಯ. ಭೂಮಿಯ ವಯಸ್ಸು ಸುಮಾರು 450 ಕೋಟಿ ವರ್ಷ; ರೇಡಿಯೋ ವಿದ್ಯೆ ನಮ್ಮ ಕೈಸೇರಿ ನೂರು ವರ್ಷಗಳಿಗೆ ಸ್ವಲ್ಪ ಮೇಲಾಗಿದೆಯಷ್ಟೆ. ಇಂಥ ಎರಡು ಅಲ್ಪಾವಧಿಗಳು ಒಂದಕ್ಕೊಂದು ಹೊಂದಿಕೊಳ್ಳುವುದು ವಿರಳ. ಆದುದರಿಂದ ನಾಗರಿಕತೆಗಳು ಎಷ್ಟು ಕಾಲ ಬಾಳುತ್ತವೆ ಎಂಬುದೇ ನಿರ್ಣಾಯಕವಾಗುತ್ತದೆ. ಇದು ಇತಿಹಾಸದ ಪ್ರಶ್ನೆ.

ಇಲ್ಲಿ ಆಯುಷ್ಯವೆಂದರೆ ರಾಜ್ಯದ ಆಯುಷ್ಯವೆಂದು ನಾವು ಭಾವಿಸಲಾಗದು. ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. ಅಲ್ಲಿಯ ಓದುಬರಹ ನಿಲ್ಲಲಿಲ್ಲ. ರಬಕವಿ-ಬನಹಟ್ಟಿಗೆ ಸಮೀಪದ ತೇರದಾಳದ ಬಸದಿಯಲ್ಲಿ 12ನೆಯ ಶತಮಾನದ ಶಾಸನವಿದೆ. ಅದನ್ನು ಬರೆಯಿಸಿದವರ ಆಳ್ವಿಕೆ ಅಳಿದು ಶತಮಾನಗಳೇ ಸಂದರೂ, ಹಳಗನ್ನಡ ಬಲ್ಲವರು ಅದನ್ನು ಓದಬಲ್ಲರು. ಇದಕ್ಕೆ ವಿರುದ್ಧವಾಗಿ, ಸಿಂಧೂ ನಗರಗಳ ಮುದ್ರೆಗಳು ಕಣ್ಣೆದುರಿಗಿದ್ದರೂ ಅವುಗಳ ಲಿಪಿಯ ಅರ್ಥ ಇನ್ನೂ ಸರ್ವಸಮ್ಮತವಾಗಿ ತಿಳಿದಿಲ್ಲ. ರಾಜ್ಯವು ಅಳಿದರೂ ವಿದ್ಯಾಪರಂಪರೆ ಉಳಿಯಬಹುದು. ಪರಂಪರೆ ಕಡಿದರೆ ಬರಹ ಉಳಿದೂ ಮೂಕವಾಗುವುದು.

1974ರಲ್ಲಿ ಅರೆಸಿಬೋದಿಂದ ಎಂ-13 ನಕ್ಷತ್ರಗುಚ್ಛದ ಕಡೆಗೆ ಒಂದು ಸಂದೇಶವನ್ನು ಕಳುಹಿಸಲಾಯಿತು. ಆ ಗುಚ್ಛವು ಸುಮಾರು 25,000 ಜ್ಯೋತಿರ್ವರ್ಷಗಳಷ್ಟು ದೂರದಲ್ಲಿದೆ. ಉತ್ತರ ಬರುವುದಾದರೆ ಸುಮಾರು 50,000 ವರ್ಷಗಳು ಬೇಕು. ಇಷ್ಟು ದೂರದ ಸಂಪರ್ಕವು ಸಂಭಾಷಣೆಯಾಗಲಾರದು, ಶಾಸನಪಠನದಂತೆ ಏಕಮುಖವಾಗಿರುವುದು. ಸಂಭವವೆಷ್ಟೆಂದು ಅಂಕಿಯಲ್ಲಿ ಹೇಳಲು ಆಧಾರ ಸಾಲದು. ಆದರೆ ಕೇಳುವವರ ಪರಂಪರೆ ದೀರ್ಘವಾದಷ್ಟೂ ಸಂಭವವು ಹೆಚ್ಚುವುದು. ಈ ಒಂದು ಅಂಶ ಮಾತ್ರ ನಮ್ಮ ಅಧೀನದಲ್ಲಿದೆ.