ಹಲ್ಲು ಕೀಳಲು ಅವಸರಿಸಬೇಡಿರೆಂದ ಝಹ್ರಾವಿ

‘ಹುಳುಕು ಹಲ್ಲು’ ಎಂಬ ನಮ್ಮ ಮಾತಿನೊಳಗೇ ಒಂದು ಹುಳುವಿದೆ. ಹಲ್ಲನ್ನು ಹುಳು ಕೊರೆಯುತ್ತದೆಂಬ ನಂಬಿಕೆ ಬಾಬಿಲೋನಿನಷ್ಟು ಹಳೆಯದು. ಇಬ್ನು ಸೀನಾರಂತಹ ಮೇಧಾವಿಯೂ ಅದನ್ನು ಓಡಿಸಲು ಹೊಗೆಯ ಚಿಕಿತ್ಸೆಯನ್ನು ಬರೆದಿಟ್ಟರು. 13ನೇ ಶತಮಾನದಲ್ಲಿ ದಮಾಸ್ಕಸ್ಸಿನ ಅಲ್ ಜೌಬರಿ, ಹಲ್ಲಿನಿಂದ ಹುಳು ತೆಗೆದು ತೋರಿಸುವವರ ಕೈಚಳಕವನ್ನು ಬಯಲಿಗೆಳೆದರು.

ಆದರೆ ಹಲ್ಲುನೋವಿನ ಸ್ವಭಾವವನ್ನು ಇವರೆಲ್ಲರಿಗಿಂತ ಹತ್ತಿರದಿಂದ ಕಂಡವರು ಕುರ್ತುಬಾದ ಸಮೀಪದ ಮದೀನತುಝ್ಝಹ್ರಾದ ಅಬುಲ್ ಕಾಸಿಮ್ ಅಲ್ ಝಹ್ರಾವಿ. ಸುಮಾರು 1013ರಲ್ಲಿ ನಿಧನರಾದ ಅವರ ‘ಅತ್ತಸ್ರೀಫ್’ 30 ಭಾಗಗಳ ಗ್ರಂಥ. ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಹಲ್ಲು ಅಮೂಲ್ಯವಾದುದು, ಉಳಿಸುವ ದಾರಿಗಳೆಲ್ಲ ಮುಗಿದ ಮೇಲಷ್ಟೇ ಕೀಳಬೇಕೆಂದು ಅದರಲ್ಲಿ ಅವರು ಬರೆಯುತ್ತಾರೆ. ನೋವು ರೋಗಿಯನ್ನೇ ವಂಚಿಸುತ್ತದೆ; ಆತ ಗಟ್ಟಿ ಹಲ್ಲನ್ನು ತೋರಿಸುತ್ತಾನೆ, ಕ್ಷೌರಿಕರು ಅದನ್ನೇ ಕೀಳುತ್ತಾರೆ, ನೋವು ಮಾತ್ರ ಹೋಗುವುದಿಲ್ಲ. ಇಂತಹವನ್ನು ತಾವು ಅನೇಕ ಬಾರಿ ಕಂಡಿರುವುದಾಗಿಯೂ ಅವರು ಹೇಳುತ್ತಾರೆ. ನೋಯುವ ಹಲ್ಲಿಗೆ ಕಾದ ಸಲಾಕೆಯನ್ನು ಲೋಹದ ಕೊಳವೆಯ ಮೂಲಕ ತಾಗಿಸುವ ಕ್ರಮವನ್ನೂ ಅವರು ವಿವರಿಸಿದ್ದಾರೆ. ಬಾಯಿ ಸುಡದಿರಲೆಂದೇ ಆ ಕೊಳವೆ!

ಇಂದಿನ ವೈದ್ಯವಿಜ್ಞಾನ ಇದಕ್ಕೆ ಕಾರಣ ಹೇಳುತ್ತದೆ. ಹುಳುಕು ಆಳಕ್ಕಿಳಿದಾಗ ಹಲ್ಲಿನ ನಡುವಿನ ಮೃದುವಾದ ತಿರುಳು ಉರಿಯೂತಕ್ಕೆ ಒಳಗಾಗುತ್ತದೆ. ನರಗಳೂ ರಕ್ತನಾಳಗಳೂ ಇರುವ ಆ ತಿರುಳು ಗಟ್ಟಿಗೋಡೆಗಳ ನಡುವೆ ಸಿಲುಕಿರುವುದರಿಂದ ಊದಿಕೊಳ್ಳಲು ಜಾಗವಿಲ್ಲ. ಅದರ ನರಗಳು ನೋವನ್ನು ಸಾರುತ್ತವೆ, ಆದರೆ ಯಾವ ಹಲ್ಲಿನದೆಂದು ನಿಖರವಾಗಿ ತಿಳಿಸಲಾರವು.

ಮಕ್ಕಳಲ್ಲಿ ಈ ಮೋಸ ಇಮ್ಮಡಿಯಾಗುತ್ತದೆ. ಸುಮಾರು ಆರನೆಯ ವಯಸ್ಸಿಗೆ ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಮೂಡುತ್ತದೆ. ಯಾವ ಹಲ್ಲೂ ಬೀಳದೆಯೇ ಅದು ಬರುವುದರಿಂದ ತಂದೆತಾಯಂದಿರು ಅದನ್ನೂ ಹಾಲುಹಲ್ಲೆಂದೇ ಭಾವಿಸುತ್ತಾರೆ; ಹುಳುಕಾದರೆ, ಬಿದ್ದು ಹೊಸದು ಬರುತ್ತದೆಂದು ಸುಮ್ಮನಿರುತ್ತಾರೆ. ಅದರ ಬದಲಿಗೆ ಇನ್ನೊಂದು ಹಲ್ಲು ಹುಟ್ಟುವುದಿಲ್ಲ. ಮಿಸ್ವಾಕನ್ನು ಅಷ್ಟೊಂದು ಒತ್ತಿ ಹೇಳಿದ ಪ್ರವಾದಿಯವರ(ಸ) ಸಮುದಾಯದ ಮನೆಗಳಲ್ಲಿಯೂ ಮಗುವಿನ ಬಾಯಿಯನ್ನು ಬೆಳಕಿನಲ್ಲಿ ನೋಡುವ ರೂಢಿ ಕಡಿಮೆಯೇ.

ಆ ಹಲ್ಲು ಮೂಡಿದ ಮೇಲೆ ಅದರ ಬೇರು ಪೂರ್ಣವಾಗಲು ಸುಮಾರು ಮೂರು ವರ್ಷ ಬೇಕು. ಅಷ್ಟರೊಳಗೆ ತಿರುಳು ಸತ್ತರೆ ಬೇರಿನ ಬೆಳವಣಿಗೆ ಅರ್ಧಕ್ಕೇ ನಿಂತು, ಅದರ ಗೋಡೆಗಳು ತೆಳುವಾಗಿಯೇ ಉಳಿಯುತ್ತವೆ. ಆದ್ದರಿಂದ ಮಕ್ಕಳ ದಂತವೈದ್ಯರು ಸಾಧ್ಯವಿದ್ದಲ್ಲೆಲ್ಲ ಕೆಟ್ಟ ಮೇಲ್ಭಾಗದ ತಿರುಳನ್ನಷ್ಟೇ ತೆಗೆದು, ಔಷಧದ ಲೇಪದಿಂದ ಮುಚ್ಚಿ, ಬೇರಿನೊಳಗಿನ ತಿರುಳನ್ನು ಜೀವಂತವಾಗಿ ಉಳಿಸುತ್ತಾರೆ. ಮಗು ರಾತ್ರಿ ನೋವಿನಿಂದ ಎಚ್ಚರಗೊಳ್ಳುತ್ತಿದ್ದರೆ, ತಣ್ಣನೆಯ ನೀರು ತಾಗಿದ ಬಳಿಕವೂ ಬಹಳ ಹೊತ್ತು ಹಲ್ಲು ಜುಮ್ಮೆನ್ನುತ್ತಿದ್ದರೆ, ಅವರ ಬಳಿಗೆ ಹೋಗುವುದನ್ನು ಮುಂದೂಡಬಾರದು.