ಬಿಡದಿಯ ತಟ್ಟೆಯಲ್ಲಿ ಮೆಕ್ಸಿಕೊ

ಬಿಡದಿಯ ತಟ್ಟೆ ಇಡ್ಲಿಯಷ್ಟು ಅಪ್ಪಟ ನಮ್ಮ ಸೀಮೆಯ ತಿಂಡಿ ಬೇರೊಂದಿಲ್ಲ ಎಂದು ರಾಮನಗರದವರು ಆಣೆ ಹಾಕಿ ಹೇಳುತ್ತೇವೆ. ಆದರೆ ಆ ತಟ್ಟೆಯಲ್ಲಿ ಅರ್ಧ ಅಮೆರಿಕವೇ ಕೂತಿದೆ.

ಇಡ್ಲಿ ಹಳೆಯದು, ನಿಜ. ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರಿದೆ. ಸುಮಾರು 1025ರ ‘ಲೋಕೋಪಕಾರ’ದಲ್ಲಿ ಚಾವುಂಡರಾಯ ಅದನ್ನು ಮಾಡುವ ಬಗೆಯನ್ನೇ ಹೇಳುತ್ತಾನೆ: ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿದ ಉದ್ದು, ಮೊಸರಿನ ತಿಳಿ, ಇಂಗು, ಜೀರಿಗೆ, ಮೆಣಸು. ಅಕ್ಕಿಯ ಮಾತೇ ಇಲ್ಲ.

ಈಗಿನ ತಟ್ಟೆ ನೋಡಿ. ಚಟ್ನಿಗೆ ಖಾರ ಕೊಡುವ ಹಸಿಮೆಣಸಿನಕಾಯಿಯ ತವರು ಮೆಕ್ಸಿಕೊ. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಗೋವೆಗೆ ಬಂದಿಳಿಯಿತು. ಸಾಗುವಿನ ಆಲೂಗಡ್ಡೆ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ್ದು. ಇಡ್ಲಿ ಮೆತ್ತಗಾಗಲೆಂದು ಕೆಲವರು ಹಿಟ್ಟಿಗೆ ಹಾಕುವ ಸಬ್ಬಕ್ಕಿಯ ಮೂಲವಾದ ಮರಗೆಣಸೂ ದಕ್ಷಿಣ ಅಮೆರಿಕದ್ದೇ.

ಕನಕಪುರದ ನಮ್ಮಜ್ಜಿ ತಿಥಿಯ ಅಡುಗೆಗೆ ಮೆಣಸಿನಕಾಯಿ, ಆಲೂಗಡ್ಡೆ, ಟೊಮ್ಯಾಟೊ ಮುಟ್ಟಿಸುತ್ತಿರಲಿಲ್ಲ, ಖಾರಕ್ಕೆ ಕರಿಮೆಣಸೇ. ಯಾಕಜ್ಜಿ ಅಂದರೆ, “ಅವೆಲ್ಲ ಆಮೇಲೆ ಬಂದವು ಕಣೋ, ಹಿರೀಕರಿಗೆ ಒಗ್ಗಲ್ಲ” ಎನ್ನುತ್ತಿದ್ದರು. ಇತಿಹಾಸದ ಪುಸ್ತಕ ಓದದ ಅಜ್ಜಿ ಐನೂರು ವರ್ಷದ ಲೆಕ್ಕವನ್ನು ಒಲೆಯ ಮುಂದೆ ಇಟ್ಟುಕೊಂಡಿದ್ದರು. ತಿಥಿಯ ಮಾರನೆಯ ಬೆಳಿಗ್ಗೆ ಅವರೇ ಹಸಿಮೆಣಸಿನಕಾಯಿ ಚಟ್ನಿ ರುಬ್ಬುತ್ತಿದ್ದರು, ಧಾರಾಳವಾಗಿ.

ಹೊರಗಿನ ಬೆಳೆ ಸೇರಿದ್ದರಿಂದ ತಿಂಡಿ ಕೆಡಲಿಲ್ಲ. ಬಂದದ್ದನ್ನು ರುಬ್ಬಿ, ಬೇಯಿಸಿ, ಮೇಲೊಂದು ಬೆಣ್ಣೆ ಮುದ್ದೆಯಿಟ್ಟು ನಮ್ಮದಾಗಿಸಿದವರು ಇಲ್ಲಿನ ಅಡುಗೆಯವರು. ಬಿಡದಿಯ ಹೆಸರು ಅವರ ಕೈಗುಣದಿಂದಲೇ ನಿಂತಿದೆ.