ಬಿಸಿಲು ಮೇಯ್ದ ಬೇಲಿ

ಬೇಲಿಯೇ ಎದ್ದು ಹೊಲ ಮೇಯುವುದನ್ನು ನಮ್ಮ ಗಾದೆ ಬಲ್ಲದು. ಬೇಲಿ ನೆರೆಯವನ ಬಿಸಿಲನ್ನು ಮೇಯ್ದ ಕಥೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ್ದು.

ಅಲ್ಲಿಯ ನಾಬ್ ಹಿಲ್ ಗುಡ್ಡದ ಮೇಲೆ ರೈಲ್ವೆ ಧನಿಕ ಚಾರ್ಲ್ಸ್ ಕ್ರಾಕರ್ ೧೮೭೦ರ ದಶಕದಲ್ಲಿ ಅರಮನೆಯಂಥ ಮನೆ ಕಟ್ಟಿಸಿದ. ಸುತ್ತಲಿನ ನಿವೇಶನಗಳೆಲ್ಲ ಅವನ ಕೈಸೇರಿದವು, ಒಂದರ ಹೊರತು. ಅದು ಶವಸಂಸ್ಕಾರದ ಏರ್ಪಾಟನ್ನು ಕಸುಬಾಗಿಸಿಕೊಂಡಿದ್ದ ನಿಕೊಲಾಸ್ ಯುಂಗನದು. ಬೆಲೆ ಕುದುರಲಿಲ್ಲ. ಕ್ರಾಕರ್ ಸಿಟ್ಟಿನಿಂದ ಅವನ ಮನೆಯ ಮೂರು ಪಕ್ಕಕ್ಕೂ ಸುಮಾರು ೪೦ ಅಡಿ ಎತ್ತರದ ಮರದ ಬೇಲಿ ಎಬ್ಬಿಸಿಬಿಟ್ಟ! ಬೇಲಿ ನಿಂತದ್ದು ಅವನ ಸ್ವಂತ ನೆಲದಲ್ಲಿ, ಕೇಳುವವರಾರು? ೧೮೮೦ರಲ್ಲಿ ಯುಂಗ್, ೧೮೮೮ರಲ್ಲಿ ಕ್ರಾಕರ್ ತೀರಿಕೊಂಡರು. ಹಗೆ ಮಾತ್ರ ಸಾಯಲಿಲ್ಲ. ೧೯೦೪ರಲ್ಲಿ ಯುಂಗನ ವಾರಸುದಾರರು ನಿವೇಶನ ಮಾರುವ ತನಕ ಬೇಲಿ ಕದಲಲಿಲ್ಲ.

ಇಂಥ ಬೇಲಿ ಅದೊಂದೇ ಆಗಿರಲಿಲ್ಲ. ನೆರೆಯವರನ್ನು ಪೀಡಿಸಲೆಂದೇ ಅನಗತ್ಯವಾಗಿ ೬ ಅಡಿ ಮೀರಿಸಿದ ಬೇಲಿ ಉಪದ್ರವವೆಂದು ಮ್ಯಾಸಚೂಸೆಟ್ಸ್ ರಾಜ್ಯ ೧೮೮೭ರಲ್ಲಿ ಶಾಸನ ಮಾಡಿತು. ನನ್ನ ನೆಲದಲ್ಲಿ ನಾನು ಏನು ಬೇಕಾದರೂ ಕಟ್ಟಬಾರದೆ? ೧೮೮೯ರಲ್ಲಿ ಈ ಪ್ರಶ್ನೆ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯಕ್ಕೆ ಬಂದಾಗ ನ್ಯಾಯಮೂರ್ತಿ ಹೋಮ್ಸ್ ಅವರು ಶಾಸನವನ್ನು ಎತ್ತಿಹಿಡಿದರು. ಆದರೆ ಹಗೆತನವಿಲ್ಲದಿದ್ದರೆ ಆ ಬೇಲಿಯೇ ಏಳುತ್ತಿರಲಿಲ್ಲ ಎಂದು ತೋರಬೇಕು ಎಂದರು. ಮನಸ್ಸನ್ನು ಅಳೆಯುವ ಕೋಲು ಎಲ್ಲಿಂದ ತರೋಣ?

ಊರನ್ನು ವಲಯಗಳಾಗಿ ವಿಂಗಡಿಸಿ ನಿಯಮ ಹಾಕುವ ಅಧಿಕಾರವನ್ನು ಅಮೆರಿಕದ ಸುಪ್ರೀಂ ಕೋರ್ಟು ೧೯೨೬ರಲ್ಲಿ ಒಪ್ಪಿತು. ಈಗ ಅಲ್ಲಿಯ ಬಹಳ ಊರುಗಳಲ್ಲಿ ಹಿತ್ತಲ ಬೇಲಿಗೆ ೬ ಅಡಿ, ಬೀದಿಯ ಕಡೆಗೆ ೩-೪ ಅಡಿ ಮಿತಿ. ಪುರಸಭೆಯ ನೌಕರನಿಗೆ ಯಾರ ಮನಸ್ಸೂ ಬೇಡ, ಅಳತೆಪಟ್ಟಿ ಸಾಕು. ಅದಕ್ಕಿಂತ ಎತ್ತರ ಬೇಕೆನ್ನುವವನು ಕಾರಣ ಬರೆದು ಅರ್ಜಿ ಹಾಕಬೇಕು.